ಬೆಟ್ಟಕ್ಕೆ ಪೌಡರ್ ಬೇಡ

ಫೆಬ್ರವರಿ 3. ಮಧ್ಯಾಹ್ನ, ಊಟದ ಬಿಡುವು

ಬೆಳಗ್ಗಿನಿಂದ ನಾಲ್ವರು ಮದುಮಗಳಂದಿರನ್ನು ಮುಗಿಸಿದೆ. ಐದನೆಯವಳ ಮೊಡವೆ ಬಾಕಿ. ಕೆನ್ನೆ ನುಣುಪು ಮಾಡು, ಕಣ್ಣಿನ ಕೆಳಗಿನ ಕಪ್ಪು ತೆಗೆ, ಹಲ್ಲು ಬಿಳಿ ಮಾಡು... ಕಂಪ್ಯೂಟರಿನಲ್ಲಿ ಮದುವೆ ಫೋಟೋ ತಿದ್ದುವುದು, ಹನ್ನೊಂದು ವರ್ಷದಿಂದ ಇದೇ ಕಸುಬು. ಸ್ಟುಡಿಯೋ ಯಜಮಾನರು ಹಿಂದೆ ಬಂದು ನಿಂತು, "ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ" ಅಂದರು. ಇನ್ನೂ ಬೆಳ್ಳಗೆ ಮಾಡಿದರೆ ಹುಡುಗಿ ಹಿಂದಿನ ಗೋಡೆಯಲ್ಲೇ ಸೇರಿಹೋಗ್ತಾಳೆ ಸರ್ ಅಂದೆ. ನಗಲಿಲ್ಲ. ನಗುವುದು ಅವರ ಜಾತಕದಲ್ಲೇ ಇಲ್ಲ.

ಊಟದ ಡಬ್ಬಿ ಪಕ್ಕಕ್ಕಿಟ್ಟು ಅಕ್ಕನ ಕ್ಯಾಮೆರಾದ ಕಾರ್ಡ್ ಹಾಕಿದೆ. ಇನ್ನೂರ ಹದಿನಾಲ್ಕು ಫೋಟೋ. ಮೊದಲನೆಯದು ತೆರೆದೆ. ಅಯ್ಯೋ ದೇವರೇ.

ಬೆಟ್ಟ ಇದೆ, ಕಣಿವೆ ಇದೆ, ಕಣಿವೆಯಲ್ಲಿ ಮಂಜು ಇದೆ. ಎಲ್ಲದರ ಮೇಲೂ ಯಾರೋ ಬಣ್ಣಬಣ್ಣದ ಮರಳು ಎರಚಿದ ಹಾಗಿದೆ. ಕೆಂಪು ಚುಕ್ಕೆ, ಹಸಿರು ಚುಕ್ಕೆ, ನೇರಳೆ ಚುಕ್ಕೆ. ಹತ್ತನೆಯದೂ ಹಾಗೇ, ನೂರನೆಯದೂ ಹಾಗೇ. ಐಎಸ್‌ಒ ನೋಡಿದೆ — 25600. ಅದು ಬೆಳಕಿಲ್ಲದ ಕಡೆ ಬೆಳಕು ಎಳೆದು ತರುವ ಸಂಖ್ಯೆ. ಜಾಸ್ತಿ ಎಳೆದರೆ ಬೆಳಕಿನ ಜೊತೆ ಕಸವೂ ಬರುತ್ತದೆ. ನಾಯ್ಸ್. ನೂರಕ್ಕೆ ಇಡಬೇಕಾಗಿತ್ತು. ಅಕ್ಕನಿಗೆ ಮಬ್ಬಿನಲ್ಲಿ ಅಂಕಿ ಕಾಣುವುದಿಲ್ಲ, ಚಕ್ರವನ್ನು ತುದಿ ಮುಟ್ಟುವವರೆಗೆ ತಿರುಗಿಸಿದ್ದಾಳೆ. ತುದಿಯೇನೋ ಮುಟ್ಟಿದ್ದಾಳೆ, ದಿಕ್ಕು ಉಲ್ಟಾ.

ಊಟ ಸೇರಲಿಲ್ಲ.

ಫೆಬ್ರವರಿ 3. ಸಂಜೆ

ಹೇಳಿಬಿಟ್ಟೆ. ಎಷ್ಟು ದಿನ ಮುಚ್ಚಿಡಲಿ? ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿಸಿಕೊಂಡಳು.

"ಎಲ್ಲಾನೂ?"

"ಎಲ್ಲಾನೂ."

"ಫೋಕಸ್ ಸರಿ ಇದೆಯಾ?"

"ಇದೆ."

"ಮತ್ತೇನು, ಹೆಣ ಕಾಯೋರ ಥರ ದನಿ ಮಾಡ್ಕೊಂಡು ಹೇಳ್ತಿದೀಯ? ಕೊಳೆ ಆಗಿದ್ರೆ ತೊಳಿ."

ತೊಳಿ ಅಂತೆ! ಹೇಳುವುದು ಸುಲಭ.

ಅಕ್ಕನ ನೋಟ ವರ್ಷದಿಂದ ವರ್ಷಕ್ಕೆ ಅಂಚಿನಿಂದ ಮುಚ್ಚಿಕೊಳ್ಳುತ್ತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ ಅನ್ನುತ್ತಾಳೆ. ನಡುವೆ ಒಂದಿಷ್ಟು ಸ್ಪಷ್ಟ, ಅದೂ ಬೆಳಕು ಚೆನ್ನಾಗಿದ್ದರೆ. ಸರ್ವೇ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆದವಳು, ಹೋದ ವರ್ಷ ಕೆಲಸ ಬಿಟ್ಟಳು. ಒಬ್ಬಳೇ ಹೊರಗೆ ಹೋಗಕೂಡದು ಅಂದಿದ್ದರು ಡಾಕ್ಟರು. ಕೇಳಬೇಕಲ್ಲ! ಡಿಸೆಂಬರಿನಲ್ಲಿ ನನಗೂ ಹೇಳದೆ ಮೊದಲ ಬಸ್ಸು ಹತ್ತಿ ಬೆಟ್ಟದ ಎದುರಿನ ಕಲ್ಲುಕಟ್ಟೆಗೆ ಹೋದಳು. ವಾಪಸು ಬರುವಾಗ ಮೆಟ್ಟಿಲಲ್ಲಿ ಬಿದ್ದಳು. ಮೊಣಕೈ ಮುರಿಯಿತು, ಕ್ಯಾಮೆರಾಕ್ಕೆ ಒಂದು ಗೀರೂ ಇಲ್ಲ. ಪ್ಲಾಸ್ಟರ್ ಬಿಚ್ಚಿದ್ದು ಮೊನ್ನೆ.

ಈಗ ಮಬ್ಬುಬೆಳಕಿನಲ್ಲಿ ಅವಳಿಗೆ ಏನೇನೂ ಕಾಣುವುದಿಲ್ಲ. ಬೆಳಗಿನ ಜಾವದ ಬೆಟ್ಟ ಇನ್ನು ಸಿಕ್ಕುವುದಿಲ್ಲ. ಇವೇ ಕೊನೆಯವು. ಅವಳಿಗೂ ಗೊತ್ತು, ಬಾಯಿ ಬಿಟ್ಟು ಹೇಳುವುದಿಲ್ಲ.

ಫೋಟೋ ಕ್ಲಬ್ಬಿನ ವಾರ್ಷಿಕ ಪ್ರದರ್ಶನಕ್ಕೆ ಇಪ್ಪತ್ತನೇ ತಾರೀಕಿನೊಳಗೆ ಪ್ರಿಂಟ್ ಕೊಡಬೇಕು. ಹದಿನೆಂಟು ವರ್ಷ ಒಂದು ಸಲವೂ ತಪ್ಪಿಲ್ಲ, ಅಕ್ಕನ ಒಂದು ಬೆಟ್ಟವಾದರೂ ಆ ಗೋಡೆಯ ಮೇಲೆ ಇದ್ದೇ ಇದೆ. ಕಣ್ಣಿನ ವಿಷಯ ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಿಲ್ಲ. ಮೀಟಿಂಗಿಗೆ ಯಾಕೆ ಬರಲಿಲ್ಲ ಅಂದರೆ ಮಂಡಿ ನೋವು ಅನ್ನುತ್ತಾಳೆ.

"ಈ ವರ್ಷವೂ ಇರ್ಬೇಕು ಕಣೇ ಪುಟ್ಟಿ. ಕನಿಕರಕ್ಕಲ್ಲ. ಎಲ್ಲರ ಜೊತೆ ಸಾಲಲ್ಲಿ ನಿಂತು."

ನನಗೆ ನಲವತ್ತಾರು. ಇನ್ನೂ ಪುಟ್ಟಿ.

ಫೆಬ್ರವರಿ 5. ಭಾನುವಾರ

ಬೆಳಗ್ಗೆಯೆಲ್ಲ ಮನೆಯ ಲ್ಯಾಪ್‌ಟಾಪಿನ ಮುಂದೆ. ಮಂಜು ಚೆನ್ನಾಗಿರುವ ಒಂದು ಫ್ರೇಮು ಆರಿಸಿ ನಾಯ್ಸ್ ತೆಗೆಯುವ ಗುಂಡಿ ಪೂರ್ತಿ ಬಲಕ್ಕೆ ಎಳೆದೆ. ಮಿಕ್ಕದ್ದಕ್ಕೆ ನನ್ನ ಬ್ರಶ್. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಚುಕ್ಕೆ ಇಲ್ಲ. ಬೆಣ್ಣೆ ಸವರಿದ ಹಾಗೆ. ಬೆನ್ನು ತಟ್ಟಿಕೊಳ್ಳಲು ಕೈ ಹಿಂದಕ್ಕೆ ಹೋಗುವುದೊಂದು ಬಾಕಿ.

ಅಕ್ಕನನ್ನು ಕರೆದೆ. ಸ್ಕ್ರೀನಿಗೆ ಮೂಗು ತಾಗಿಸಿ, ತಲೆಯನ್ನು ನಿಧಾನ ಎಡದಿಂದ ಬಲಕ್ಕೆ ತಂದಳು. ಮತ್ತೆ ಎಡಕ್ಕೆ ಹೋದಳು. ಅಲ್ಲೇ ನಿಂತಳು.

"ಇದ್ಯಾರದು?"

"ನಿನ್ನ ಬೆಟ್ಟ."

"ನನ್ನ ಬೆಟ್ಟ ಅಲ್ಲ. ಯಾವುದೋ ಮದುಮಗಳ ಕೆನ್ನೆ. ಎಡಗಡೆ ಮೂರು ಕೊರಕಲು ಇರ್ಬೇಕು, ಎರಡೇ ಇದೆ. ಮೂರನೇದು ಎಲ್ಲಿ?"

"ಯಾವ ಕೊರಕಲು?"

"ನೀರು ಇಳಿದೂ ಇಳಿದೂ ಕೊರೆದಿರೋ ಜಾಡು. ನೀನು ಮೊಡವೆ ಕಲೆ ಅಂದ್ಕೊಂಡು ಒರೆಸಿದೀಯ. ಬೆಟ್ಟಕ್ಕೆ ಪೌಡರ್ ಹಚ್ಚಬೇಡ ಕಣೇ."

ತಲೆ ಕೆಟ್ಟಿತು. ಐದು ಗಂಟೆ ಕೂತು ಮಾಡಿದ್ದು! "ಕಾಣದ ಕಣ್ಣಲ್ಲಿ ಕೊರಕಲು ಬೇರೆ ಎಣಿಸ್ತಾಳೆ" ಅಂದುಬಿಟ್ಟೆ. ಗಟ್ಟಿಯಾಗಿಯೇ ಅಂದೆ.

ಅವಳು ತಿರುಗಿ ನೋಡಲಿಲ್ಲ. "ಎಣಿಸ್ತೀನಿ. ಆ ಬೆಟ್ಟದ ನಕ್ಷೆ ಬರೆದೋಳು ನಾನು. ಮೂರು ಸಲ ಬರೆದಿದೀನಿ. ಬೇಕಾದ್ರೆ ಕಣ್ಣು ಮುಚ್ಕೊಂಡು ಇನ್ನೊಂದು ಸಲ ಬರೀತೀನಿ, ಪೆನ್ಸಿಲ್ ಕೊಡು."

ಕೊಡಲಿಲ್ಲ. ನಾಚಿಕೆಯಾಗಿತ್ತು. ಕ್ಷಮೆ ಕೇಳದೆ ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಎಂಥ ನಾಲಿಗೆ ಕೊಟ್ಟ ದೇವರು ನನಗೆ.

ಫೆಬ್ರವರಿ 8. ಮಧ್ಯಾಹ್ನ

ಗುಂಡಿ ಎಡಕ್ಕೆ ಎಳೆದರೆ ಕೊರಕಲಿನ ನೆರಳು ಬರುತ್ತದೆ, ಜೊತೆಗೆ ಮರಳೂ ಬರುತ್ತದೆ. ಬಲಕ್ಕೆ ಎಳೆದರೆ ಮರಳು ಹೋಗುತ್ತದೆ, ಕೊರಕಲೂ ಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಆಕಾಶಕ್ಕೊಂದು, ಬೆಟ್ಟಕ್ಕೊಂದು, ಮಂಜಿಗೊಂದು ಅಂತ ಬೇರೆಬೇರೆ ಮಾಡಿ ನೋಡಿದೆ. ಬಣ್ಣದ ಚುಕ್ಕೆ ಪೂರ್ತಿ ಹೋಯಿತು, ಬೂದು ಕಾಳು ಉಳಿಯಿತು. ಮೊದಲಿಗಿಂತ ವಾಸಿ. ಮೂರನೆಯ ಕೊರಕಲು ಮಾತ್ರ ಇದೆಯೋ ಇಲ್ಲವೋ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಸಂಜೆ ಆರು

ಒಂದು ಪ್ರಿಂಟ್ ತೆಗೆದುಕೊಂಡು ಕ್ಲಬ್ಬಿಗೆ ಹೋದೆ. ಹೋಗಬಾರದಿತ್ತು.

ಕಾರ್ಯದರ್ಶಿ ಇದ್ದ. ನಾನೂ ಅಕ್ಕನೂ ಅವನಿಗೆ ಹಿಸ್ಟೋಗ್ರಾಮ್ ಅಂತ ಹೆಸರಿಟ್ಟಿದ್ದೇವೆ. ಏನು ತೋರಿಸಿದರೂ ಫೋಟೋ ನೋಡುವುದಿಲ್ಲ, ಮೊದಲು ಅದರ ಬೆಳಕು-ಕತ್ತಲೆ ಅಳೆಯುವ ಗ್ರಾಫ್ ಕೇಳುತ್ತಾನೆ, ಅದೇ ಹಿಸ್ಟೋಗ್ರಾಮ್. ಪ್ರಿಂಟನ್ನು ಕಿಟಕಿಗೆ ಹಿಡಿದು ಮೂಗು ಮುರಿದ.

"ಇದು ಉಳಿಯಲ್ಲ ಮೇಡಂ. ಸುಮ್ನೆ ಟೈಮ್ ವೇಸ್ಟು. ಡಿಲೀಟ್ ಮಾಡ್ಬಿಟ್ಟು ಬೇರೆ ತೆಗೆಯೋಕೆ ಹೇಳಿ ನಿಮ್ಮ ಅಕ್ಕನಿಗೆ."

"ಬೇರೆ ತೆಗೆಯೋಕೆ ಅವಳಿಗೆ ಕಣ್ಣು ಕಾಣಲ್ಲ ಕಣ್ರೀ!"

ಬಂದೇಬಿಟ್ಟಿತು. ನುಂಗಲು ಹೋದೆ, ಆಗಲೇ ಹೊರಗೆ ಬಿದ್ದಿತ್ತು. ಅವನ ಮುಖ ನೋಡಬೇಕಿತ್ತು. ಎರಡು ಕೈ ಜೋಡಿಸಿ, ದನಿ ಇಳಿಸಿ, "ಅಯ್ಯೋ ಪಾಪ, ಮೊದಲೇ ಹೇಳ್ಬಾರ್ದಾ ಮೇಡಂ? ಸ್ಪರ್ಧೆಗೆ ಯಾಕೆ ಕಳಿಸ್ತೀರಾ? ಒಂದು ವಿಶೇಷ ಮೂಲೆ ಮಾಡೋಣ. ಹೂವಿನ ಕುಂಡ ಇಟ್ಟು, ನಾಲ್ಕು ಒಳ್ಳೆ ಮಾತು ಬರೆಸಿ..." ಅಂದ.

ಏನೂ ಬೇಡ, ಯಾರಿಗೂ ಹೇಳಬೇಡಿ ಅಂದು ಎದ್ದು ಬಂದೆ. ಅಕ್ಕನಿಗೆ ಏನು ಹೇಳಲಿ?

ಫೆಬ್ರವರಿ 9

ಹೇಳುವ ಕಷ್ಟ ತಪ್ಪಿತು. ಅವನೇ ಅಕ್ಕನಿಗೆ ಫೋನ್ ಮಾಡಿದ. ಮೂಲೆಯ ವಿಷಯ, ಕುಂಡದ ವಿಷಯ, ಎಲ್ಲ ಒಪ್ಪಿಸಿದ. ಅಕ್ಕ "ಬೇಡ" ಅಂತ ಒಂದೇ ಮಾತು ಹೇಳಿ ಇಟ್ಟಳು.

"ಯಾರು ಹೇಳಿದ್ದು ಅವನಿಗೆ?"

"ನಾನು."

ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು. ಎದ್ದು ಒಳಗೆ ಹೋದಳು.

ಫೆಬ್ರವರಿ 13. ಬೆಳಗ್ಗೆ ಏಳು

ನಾಲ್ಕು ದಿನ. ಅಕ್ಕ ಮಾತಾಡುವುದು ಕುಕ್ಕರಿನ ಜೊತೆ ಮಾತ್ರ. ಅದು ಕೂಗಿದರೆ "ಬಂದೆ ಬಂದೆ" ಅನ್ನುತ್ತಾಳೆ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಅಮ್ಮ ನನ್ನನ್ನು ನೋಡಿಯೇ ಹೇಳುತ್ತಿದ್ದಳೋ ಏನೋ.

ಆದರೂ ಬಿಡುವುದಿಲ್ಲ. ಹಿಸ್ಟೋಗ್ರಾಮ್ ಡಿಲೀಟ್ ಮಾಡಿ ಅಂದನಲ್ಲ, ಅದಕ್ಕೇ ಬಿಡುವುದಿಲ್ಲ. ಈ ಬೆಟ್ಟ ಆ ಗೋಡೆ ಹತ್ತದಿದ್ದರೆ ನಾನು ಬ್ರಶ್ ಮುಟ್ಟುವುದೇ ಬಿಡುತ್ತೇನೆ. ಮದುಮಗಳಂದಿರೆಲ್ಲ ಮೊಡವೆ ಇಟ್ಟುಕೊಂಡೇ ಮದುವೆಯಾಗಲಿ.

ಇವತ್ತು ಕಾರ್ಡನ್ನು ಮೊದಲಿನಿಂದ ನೋಡುತ್ತ ಬಂದೆ. ಇನ್ನೂರ ಹದಿನಾಲ್ಕು ಫೋಟೋ ಅಲ್ಲವೇ ಅಲ್ಲ. ಹದಿಮೂರು ನೋಟ. ಒಂದೊಂದನ್ನೂ ಹದಿನಾರು ಸಲ ತೆಗೆದಿದ್ದಾಳೆ. ಉಳಿದ ಆರು ಅವಳದೇ ಬೂಟಿನವು.

ಬೆಳಗ್ಗೆ ಎಂಟು

ಕೇಳಿದೆ. ಕೇಳದೆ ವಿಧಿಯಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕ, ಒಂದನ್ನೇ ಹದಿನಾರು ಸಲ ಯಾಕೆ ಒತ್ತಿದೆ?" ಅಂದೆ.

ಕೆಲಸದ ಮಾತಾದ್ದರಿಂದ ಬಾಯಿ ಬಿಟ್ಟಳು. "ಸರಿಯಾಗಿ ಬಿತ್ತೋ ಇಲ್ವೋ ನನಗೆ ಕಾಣ್ಬೇಕಲ್ಲ. ಕಟ್ಟೆ ಮೇಲೆ ಕ್ಯಾಮೆರಾ ಕೂರಿಸಿ ಅಲುಗಾಡದ ಹಾಗೆ ಒತ್ತಿದೆ. ಆಫೀಸಲ್ಲೂ ಹಾಗೇ ತಾನೆ ಮಾಡ್ತಿದ್ದಿದ್ದು. ಒಂದು ಅಳತೇನ ಯಾವತ್ತೂ ನಂಬಬಾರ್ದು. ಮತ್ತೆ ಮತ್ತೆ ಅಳೆದು ಸರಾಸರಿ ತಗೋಬೇಕು. ತಪ್ಪು ಒಂದೊಂದು ಸಲ ಒಂದೊಂದು ಕಡೆ ಇರುತ್ತೆ. ನಿಜ ಒಂದೇ ಕಡೆ ಇರುತ್ತೆ."

ಸರಾಸರಿ!

ಅಯ್ಯೋ ನನ್ನ ಮಂಕುಬುದ್ಧಿಯೇ. ಕಾಳು ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಬಿದ್ದಿದೆ. ಬೆಟ್ಟ ಹದಿನಾರರಲ್ಲೂ ಇದ್ದಲ್ಲೇ ಇದೆ. ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಕಾಳು ಕಾಳನ್ನೇ ತಿಂದುಹಾಕುತ್ತದೆ. ಹನ್ನೊಂದು ವರ್ಷ ಸಾಫ್ಟ್‌ವೇರ್ ತಿರುವಿದವಳಿಗೆ ಹೊಳೆಯಲಿಲ್ಲ. ಒಂದು ಮುಖಕ್ಕೆ ಒಂದೇ ಫೋಟೋ ಸಾಕಾಗಿ ಅಭ್ಯಾಸ. ಓಡಬೇಕು, ಬಸ್ಸಿಗೆ ಹೊತ್ತಾಯಿತು.

ಫೆಬ್ರವರಿ 15. ಮಧ್ಯಾಹ್ನ

ಮನೆಯ ಲ್ಯಾಪ್‌ಟಾಪು ಹದಿನಾರು ಫ್ರೇಮು ಅಂದ ಕೂಡಲೇ ಅಂಗಾತ ಬಿತ್ತು. ಸ್ಟುಡಿಯೋ ಕಂಪ್ಯೂಟರಿನಲ್ಲೇ ಗತಿ. ನಿನ್ನೆ ಬಿಡುವಿನಲ್ಲಿ ಹದಿನಾರನ್ನೂ ಅಂಚಿಗೆ ಅಂಚು ಹೊಂದಿಸಿಟ್ಟಿದ್ದೆ. ಇವತ್ತು ಸರಾಸರಿಗೆ ಹಾಕಿದೆ. ಕೆಲಸ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಆಮೆಯ ಹಾಗೆ ಮುಂದಕ್ಕೆ ಹೋಗುತ್ತಿದೆ, ಅಷ್ಟರಲ್ಲಿ ಯಜಮಾನರು.

"ಏನ್ರೀ ಇದು? ಆಲ್ಬಮ್ ಎಲ್ಲಿ?"

"ಆಲ್ಬಮ್ ನಾಲ್ಕಕ್ಕೆ ಕೊಡ್ತೀನಿ ಸರ್. ಊಟದ ಹೊತ್ತು ನಂದು. ಊಟಾನೇ ಬಿಟ್ಟಿದೀನಿ, ಮಿಷಿನ್ ಮಾತ್ರ ಬಿಡಲ್ಲ."

ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿ. ಬಾಯಿ ತೆರೆದರು — ಆಗ ಸ್ಕ್ರೀನಿನಲ್ಲಿ ಪಟ್ಟಿ ಮುಗಿದು ಬೆಟ್ಟ ಬಂತು.

ಬಂತು ಅಂದರೆ ಬಂತು. ಮರಳು ಇಲ್ಲ. ಪೌಡರೂ ಇಲ್ಲ. ಬಂಡೆ ಬಂಡೆಯ ಹಾಗಿದೆ, ಪೊದೆ ಪೊದೆಯ ಹಾಗಿದೆ. ಎಡಗಡೆ ನೆರಳಿನಲ್ಲಿ ಒಂದು, ಎರಡು, ಪಕ್ಕದಲ್ಲಿ ಸಣ್ಣಗೆ, ಸ್ವಲ್ಪ ಸೊಟ್ಟಗೆ ಮೂರನೆಯದು! ನಾನು ಒರೆಸಿಹಾಕಿದ್ದು. ಕಣ್ಣಲ್ಲಿ ನೀರು ಬಂತು, ಅಳಲಿಲ್ಲ, ಯಜಮಾನರ ಮುಂದೆ ಯಾಕೆ ಅಳಲಿ.

"ಅರೆ," ಅಂದರು. ಅಲ್ಲೇ ನಿಂತರು. ಹೋಗುವಾಗ "ನಾಲ್ಕಕ್ಕೆ ಆಲ್ಬಮ್" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಸಂಜೆ

ಪ್ರಿಂಟ್ ಕಿಟಕಿಯ ಬೆಳಕಿಗೆ ಹಿಡಿದು ಕೊಟ್ಟೆ. ಅಕ್ಕ ಕಾಗದಕ್ಕೆ ಮೂಗು ತಾಗಿಸಿದಳು. ಬೆರಳು ಇಟ್ಟಳು.

"ಒಂದು." ಬೆರಳು ಸರಿಯಿತು. "ಎರಡು." ಮತ್ತೆ ಸರಿಯಿತು. ತುಂಬ ಹೊತ್ತು ಅಲ್ಲೇ ನಿಂತಿತು. "ಇದೆ."

ನಾನು ಉಸಿರು ಬಿಟ್ಟೆ. ಬಿಟ್ಟದ್ದೇ ತಪ್ಪಾಯಿತು.

"ಮಂಜು ಯಾಕೆ ಹೀಗೆ? ಹದಿನಾರು ಮಂಜು ಸೇರಿಸಿ ಹತ್ತಿ ಹಾಸಿಗೆ ಮಾಡಿದೀಯ."

"ಬೆಟ್ಟ ನಿಂತಿರುತ್ತೆ ಅಕ್ಕ, ಮಂಜು ಓಡಾಡುತ್ತೆ. ನಾನೇನ್ ಮಾಡ್ಲಿ?"

"ಬೆಟ್ಟ ಹದಿನಾರರದ್ದು ಇಟ್ಕೋ. ಮಂಜು ಒಂದರದ್ದು ಹಾಕು. ಕಾಳು ಇದ್ರೆ ಇರ್ಲಿ ಬಿಡು. ಮಂಜಲ್ವಾ, ಅದಕ್ಕೆ ಕಾಳು ಒಪ್ಪುತ್ತೆ."

ಆಮೇಲೆ, ತಲೆ ಎತ್ತದೆಯೇ: "ಆವತ್ತು ನೀನು ಅವನಿಗೆ ಹೇಳ್ಬಾರ್ದಿತ್ತು."

"ಹೂಂ. ತಪ್ಪಾಯ್ತು ಅಕ್ಕ. ಕಣ್ಣಿನ ಮಾತು ಅಂದಿದ್ದೂ ತಪ್ಪು."

"ಸರಿ, ಅನ್ನ ಬಡಿಸು. ಹಸಿವಾಗ್ತಿದೆ."

ಫೆಬ್ರವರಿ 19. ಭಾನುವಾರ

ಮಂಜು ಸರಿಹೋಯಿತು. ಏಳನೆಯ ಫ್ರೇಮಿನದು. ಅಕ್ಕ ಮೂರು ಸಲ ಬೈದಳು, ನಾಲ್ಕನೆಯ ಸಲ ಸುಮ್ಮನಾದಳು. ಸುಮ್ಮನಾದರೆ ಒಪ್ಪಿಗೆ.

ಅರ್ಜಿ ತುಂಬಿದೆವು. ಮುಕ್ತ ವಿಭಾಗ. ಪ್ರಿಂಟಿನ ಹಿಂದೆ ನಂಬರ್ ಮಾತ್ರ, ಹೆಸರು ಮುಚ್ಚಿದ ಕವರಿನಲ್ಲಿ. ತೀರ್ಪುಗಾರ್ತಿ ಹೊರಗಿನವರು. ನಿಯಮದ ಹಾಳೆ ಮೂರು ಸಲ ಓದಿದೆ — ಒಂದೇ ಜಾಗ, ಒಂದೇ ಹೊತ್ತಿನ ಫ್ರೇಮು ಸೇರಿಸಬಹುದು, ಹೇಳಿ ಮಾಡಬೇಕು. ಹೇಳಿದೆ. ಹದಿನಾರು ಅಂತ ಬರೆದೆ. ನಾನು ಹೋದರೆ ಹಿಸ್ಟೋಗ್ರಾಮ್ ಗುರುತು ಹಿಡಿಯುತ್ತಾನೆ. ನಾಳೆ ಸ್ಟುಡಿಯೋದಿಂದ ಹೋಗುವ ಪ್ರಿಂಟುಗಳ ಕಟ್ಟಿನ ಜೊತೆ ಯಜಮಾನರೇ ಒಯ್ಯುತ್ತಾರೆ. ಕೇಳಿದಾಗ ತಲೆಯಾಡಿಸಿದರು.

ಫೆಬ್ರವರಿ 27

ಆಯ್ಕೆಯಾಯಿತು!! ನಂಬರ್ 41. ಮುನ್ನೂರರಲ್ಲಿ ಅರವತ್ತು, ಆ ಅರವತ್ತರಲ್ಲಿ ನಮ್ಮದು. ಕನಿಕರ ಇಲ್ಲ, ಮೂಲೆ ಇಲ್ಲ, ಕುಂಡ ಇಲ್ಲ. ಫೋನಿನಲ್ಲಿ ಹೇಳಿದೆ. ಅಕ್ಕ "ಗೊತ್ತಿತ್ತು" ಅಂದಳು. ಸುಳ್ಳಿ. ಫೋನು ಇಡುವುದನ್ನೂ ಮರೆತು ಮನೆಯೆಲ್ಲ ಓಡಾಡುತ್ತಿದ್ದಳು, ಇಲ್ಲಿ ನನಗೆ ಕೇಳಿಸುತ್ತಿತ್ತು.

ಮಾರ್ಚ್ 5. ಸಂಜೆ

ಪ್ರದರ್ಶನ ಇವತ್ತು ಶುರುವಾಯಿತು. ಬರೆದೇ ತೀರಬೇಕು.

ಕ್ಲಬ್ಬಿನ ಹಾಲ್‌ನ ನಡುಗೋಡೆ. ಸಾಲಿನಲ್ಲಿ, ಕಣ್ಣಿನ ಮಟ್ಟಕ್ಕೆ, ನಮ್ಮ ಬೆಟ್ಟ. ಅಕ್ಕ ಹತ್ತಿರ ಹೋಗಿ ಎಂದಿನ ಹಾಗೆ ಮೂಗು ತಾಗಿಸಿ ಎಡಗಡೆ ಎಣಿಸುತ್ತಿದ್ದಳು. ನಾನು ಒಂದು ಹೆಜ್ಜೆ ಹಿಂದೆ. ಆಗ ಕಂಡಿತು. ಚೌಕಟ್ಟಿನ ಕೆಳಗೆ ದಪ್ಪ ರಟ್ಟಿನ ಮೇಲೆ ದೊಡ್ಡ ಅಕ್ಷರ:

"ದೃಷ್ಟಿ ಕಳೆದುಕೊಳ್ಳುತ್ತಿರುವ ಹಿರಿಯ ಸದಸ್ಯೆಯ ಛಲಕ್ಕೆ ನಮ್ಮ ನಮನ."

ಬೇರೆ ಯಾವ ಫೋಟೋದ ಕೆಳಗೂ ಚೀಟಿ ಇಲ್ಲ. ಅಕ್ಕನ ಕೊಳವೆಯಲ್ಲಿ ಅದು ಬೀಳಲಿಲ್ಲ. ಬೀಳುವುದಿಲ್ಲ ಅಂತ ಗೊತ್ತಿದ್ದೇ ಅಂಟಿಸಿದನೋ ಏನೋ. ಮೈಯೆಲ್ಲ ಉರಿಯಿತು.

ಜನ ಬಂದರು. ಮೊದಲು ಚೀಟಿ ಓದಿದರು, ಆಮೇಲೆ ಅಕ್ಕನನ್ನು ನೋಡಿದರು. ಬೆಟ್ಟವನ್ನು ಯಾರೂ ನೋಡಲಿಲ್ಲ. "ಪಾಪ" ಅಂದರು. ಒಬ್ಬಾಕೆ ಅಕ್ಕನ ಕೈ ಹಿಡಿದು, ಬಾಯಿ ಅಗಲಿಸಿ, "ತುಂಬಾ... ಚೆನ್ನಾಗಿದೆ... ಅಮ್ಮಾ" ಅಂತ ಕೂಗಿದಳು.

"ಕಿವಿ ಗಟ್ಟಿಯಾಗಿದೆ ಕಣಮ್ಮ," ಅಂದಳು ಅಕ್ಕ. ಆಮೇಲೆ ನನ್ನ ಕಡೆಗೆ: "ಇವರೆಲ್ಲ ಏನು ಓದ್ತಿದಾರೆ? ಕೆಳಗೆ ಏನಿದೆ?"

ಸುಳ್ಳು ಹೇಳಬಹುದಿತ್ತು. ಫೋಟೋದ ಹೆಸರು ಅಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಓದಿದೆ. ಒಂದಕ್ಷರ ಬಿಡದೆ ಓದಿದೆ.

ಅಕ್ಕ ಗೋಡೆಯ ಮೇಲೆ ಅಂಗೈ ಇಟ್ಟಳು. ಸವರುತ್ತ ಕೆಳಗೆ ತಂದಳು. ರಟ್ಟಿನ ಅಂಚು ಸಿಕ್ಕಿತು. ಉಗುರು ತೂರಿಸಿ ಎಳೆದಳು. ಬರ್ರ್ ಅಂತ ಬಂತು, ಜೊತೆಗೆ ಗೋಡೆಯ ಬಣ್ಣವೂ ಬಂತು.

ಹಿಸ್ಟೋಗ್ರಾಮ್ ಓಡಿ ಬಂದ. "ಮೇಡಂ ಮೇಡಂ! ಗೌರವ ಅಂತ ಹಾಕಿದ್ದು!"

"ಗೌರವಾನಾ? ಹದಿನೆಂಟು ವರ್ಷ ನನ್ನ ಫೋಟೋ ಹಾಕಿದ್ರಲ್ಲ, ಆಗ ಯಾವತ್ತಾದ್ರೂ ಕೆಳಗೆ ನನ್ನ ಮಂಡಿ ನೋವು ಬರೆಸಿದ್ರಾ?"

ಯಾರೋ ಕಿಸಕ್ಕೆಂದರು. ನಮ್ಮ ಯಜಮಾನರು! ಹನ್ನೊಂದು ವರ್ಷದಲ್ಲಿ ಮೊದಲ ಸಲ.

ತೀರ್ಪುಗಾರ್ತಿ ಅಲ್ಲೇ ಇದ್ದರು. ಬಿಳಿಗೂದಲಿನ ಹೆಂಗಸು. ನಡುವೆ ಬಂದು ಕಾರ್ಯದರ್ಶಿಗೆ, "ನಾನು ಆರಿಸುವಾಗ ಇದ್ಯಾವುದೂ ನನಗೆ ಗೊತ್ತಿರ್ಲಿಲ್ಲ. ಹಿಂದೆ ನಂಬರ್ ಮಾತ್ರ ಇತ್ತು, ಫೋಟೋ ನೋಡಿ ಆರಿಸಿದ್ದು" ಅಂದರು. ಅಕ್ಕನ ಕಡೆ ತಿರುಗಿ, "ಮಂಜಲ್ಲಿ ಕಾಳು ಇದೆ. ಐಎಸ್‌ಒ ಎಷ್ಟು?" ಅಂದರು.

"ಇಪ್ಪತ್ತೈದು ಸಾವಿರದ ಆರ್ನೂರು."

ಅವರು ನಂಬಲಿಲ್ಲ. ಫೋಟೋದ ಹತ್ತಿರ ಹೋಗಿ, ಅಕ್ಕನ ಹಾಗೆಯೇ ಮೂಗು ತಾಗಿಸಿ ನೋಡಿದರು. ಆಗ ಮಿಕ್ಕವರೂ ನೋಡಿದರು.

ಅಕ್ಕ ರಟ್ಟನ್ನು ನನ್ನ ಕೈಗೆ ಕೊಟ್ಟಳು. "ಹಿಂದೆ ಖಾಲಿ ಇದೆಯಾ?"

"ಇದೆ."

"ಪೆನ್ ತೆಗಿ. ಬರಿ. ಐಎಸ್‌ಒ 25600. ಹದಿನಾರು ಅಳತೆ, ಒಂದು ಬೆಟ್ಟ."

ಬರೆದೆ. "ಇಷ್ಟೇನಾ?"

"ನನ್ನ ಹೆಸರು ಬರಿ. ಅದರ ಪಕ್ಕ ನಿನ್ನ ಹೆಸರು ಬರಿ. ಕೆಳಗಲ್ಲ, ಪಕ್ಕ."

ಹನ್ನೊಂದು ವರ್ಷ. ಎಷ್ಟು ಸಾವಿರ ಕೆನ್ನೆ ತಿದ್ದಿದ್ದೇನೋ ಲೆಕ್ಕವಿಲ್ಲ. ಎಲ್ಲೂ, ಯಾವ ಆಲ್ಬಮ್ಮಿನ ಕೊನೆಯ ಪುಟದಲ್ಲೂ, ನನ್ನ ಹೆಸರು ಬಿದ್ದದ್ದಿಲ್ಲ. ಬರೆದೆ. ರಟ್ಟನ್ನು ಮತ್ತೆ ಚೌಕಟ್ಟಿನ ಕೆಳಗೆ ಅಂಟಿಸಿ, ಅಲ್ಲೇ, ಎಲ್ಲರ ಮುಂದೆ, ಜೋರಾಗಿ ಅತ್ತುಬಿಟ್ಟೆ.

ಮಾರ್ಚ್ 6. ಬೆಳಗ್ಗೆ ಒಂಬತ್ತು

ಹಿಸ್ಟೋಗ್ರಾಮ್ ಫೋನು. ಚೀಟಿ ಕ್ಲಬ್ಬೇ ಹಾಕಬೇಕಂತೆ, ಸದಸ್ಯರು ಬರೆದದ್ದು ನಡೆಯುವುದಿಲ್ಲವಂತೆ. ಹತ್ತಕ್ಕೆ ಹಾಲ್ ತೆರೆದ ಕೂಡಲೇ ತೆಗೆಸುತ್ತಾನಂತೆ. ಚೀಟಿ ತೆಗೆಯಲು ಬಿಡದಿದ್ದರೆ ಫೋಟೋನೂ ಇಳಿಸುತ್ತಾನಂತೆ.

"ಇಳಿಸ್ಲಿ, ನೋಡೇಬಿಡೋಣ," ಅಂದಳು ಅಕ್ಕ. ಎರಡು ಸ್ಟೂಲ್ ತೆಗೆದುಕೋ ಅಂದಿದ್ದಾಳೆ. ಗೋಡೆಯ ಪಕ್ಕ ಕೂರುವುದಂತೆ, ದಿನಾ ಸಂಜೆ ಬಾಗಿಲು ಹಾಕುವವರೆಗೆ, ಪ್ರದರ್ಶನ ಮುಗಿಯುವ ತನಕ ಏಳು ದಿನ. ಯಜಮಾನರಿಗೆ ರಜೆ ಕೇಳಿದೆ. "ಮೂರು ಸ್ಟೂಲ್ ತಗೊಳ್ಳಿ, ಮಧ್ಯಾಹ್ನ ನಾನೂ ಬರ್ತೀನಿ" ಅಂದರು!

ಅವಳು ಬೂಟು ಹಾಕಿಕೊಂಡೂ ಆಯಿತು. ಒಬ್ಬಳೇ ಮೆಟ್ಟಿಲಿಳಿಯುತ್ತಿದ್ದಾಳೆ. ಗೋಡೆ ಹಿಡಿದು, ಗಟ್ಟಿಯಾಗಿ ಎಣಿಸುತ್ತ... ಆರು, ಏಳು... ಅಕ್ಕಾ, ತಾಳು, ಬಂದೆ, ನಾನೂ—